ಹುಲ್ಲು ಮುಗಿಯುವವರೆಗೆ

ಹೊಳೆಯ ಈಚೆ ದಡದಲ್ಲಿ ಒಂದು ಆಶ್ರಮವಿತ್ತು. ಬೆಳಿಗ್ಗೆ ಗಂಟೆ ಹೊಡೆಯುವವನು ಒಬ್ಬ, ಕೇಳುವವರು ಒಬ್ಬರು. ಅಷ್ಟೇ ಜನ.

ಕೇಳುವವರು ಗುರುಗಳು, ನಿರ್ವಾಣಯ್ಯನವರು. ಹೊಡೆಯುವವನು ಅವರ ಕೊನೆಯ ಶಿಷ್ಯ ಬಾಳಪ್ಪ.

ಮುಂಚೆ ಊಟಕ್ಕೆ ಕೂತರೆ ಪಂಕ್ತಿ ತುಂಬುತ್ತಿತ್ತಂತೆ. ಕಲಿತವರು ಕಲಿತ ಹಾಗೆಲ್ಲ ಹೊರಟುಹೋದರು. ಗುರುಗಳೇ ಕಳಿಸಿಕೊಟ್ಟರು. "ಕಲಿತಾಯ್ತಲ್ಲ, ಇನ್ನು ಇಲ್ಲೇನು ಕೆಲಸ? ಹೊರಡು, ತಿರುಗಿ ನೋಡಬೇಡ" ಅಂತ ಬಾಗಿಲವರೆಗೂ ಬಂದು, ಬೆನ್ನು ತಟ್ಟಿ ಕಳಿಸುವರು. ಹಾಲು ಕುಡಿಯುವ ಬಾಯಿಗಳಿಲ್ಲ ಅಂತ ಕೊನೆಗೆ ಹಸುಗಳನ್ನೂ ಊರಿನವರಿಗೆ ಕೊಟ್ಟುಬಿಟ್ಟರು.

ಹಸುಗಳು ಹೋದ ಮೇಲೆ ಅಂಗಳದ ಹುಲ್ಲು ಕೇಳುವವರಿಲ್ಲದೆ ಬೆಳೆಯಿತು. ಪಾಪ, ಯಾರೋ ಭಕ್ತರು ನೋಡಲಾರದೆ ಹುಲ್ಲು ಕತ್ತರಿಸುವ ಮೆಷಿನ್ನೊಂದನ್ನು ತಂದುಕೊಟ್ಟರು. ಪೆಟ್ರೋಲ್ ಹಾಕಿ, ಹಗ್ಗ ಎಳೆದು, ಹಿಂದಿನಿಂದ ತಳ್ಳಿಕೊಂಡು ಹೋಗುವಂಥದ್ದು.

ಒಂದು ದಿನ ಗುರುಗಳು ಬಾಳಪ್ಪನನ್ನು ಕರೆದರು.

"ನಿನ್ನದೂ ಮುಗೀತು ಕಣಪ್ಪ. ಹೊಳೆಯಾಚೆ ಮಠದಲ್ಲಿ ಮಕ್ಕಳಿಗೆ ಪಾಠ ಹೇಳೋಕೆ ಒಬ್ಬರು ಬೇಕಂತೆ. ನಿನ್ನ ಹೆಸರು ಹೇಳಿದೀನಿ."

ಬಾಳಪ್ಪನ ಮುಖ ಅರಳಿತು. ಅರಳಿದ್ದು ಕಾಣಬಾರದು ಅಂತ ತಲೆ ತಗ್ಗಿಸಿದ.

"ಯಾವಾಗ ಹೊರಡಲಿ ಗುರುಗಳೇ?"

"ಹುಲ್ಲು ಕೊಯ್ದು ಹೋಗು. ನನಗೆ ಕಣ್ಣು ಮಂಜು, ಹಾವಿದ್ದರೂ ಕಾಣಲ್ಲ. ಹೊಳೆ ದಂಡೆವರೆಗೂ ಕೊಯ್ದುಬಿಡು. ಮುಗಿದ ಮಾರನೇ ದಿನ ಹೊರಡು."

ಬೆಳಗಾಗುತ್ತಲೇ ಬಾಳಪ್ಪ ಹಗ್ಗ ಎಳೆದ. ಮೆಷಿನ್ನು ಜೋರಾಗಿಯೇ ಶುರುವಾಯಿತು. ಒಂದಷ್ಟು ದೂರ ಹೋಗಿ, ಜಗಲಿಯ ಮುಂದೆ ಬರುವ ಹೊತ್ತಿಗೆ ಕೆಮ್ಮಿತು, ಏದಿತು, ನಿಂತುಹೋಯಿತು. ಎಳೆದ, ಎಳೆದ. ಊಹೂಂ.

ಗುರುಗಳು ಜಗಲಿಯ ಮೇಲೆ ಕೂತಿದ್ದರು.

"ಹಸಿವೇನೋ ಅದಕ್ಕೆ?"

"ಹೊಟ್ಟೆ ತುಂಬ ಪೆಟ್ರೋಲ್ ಇದೆ ಗುರುಗಳೇ."

"ಹಾಗಾದ್ರೆ ಸೋಮಾರಿ, ನಿನ್ನ ಹಾಗೆ. ಬಾ, ಕೂತ್ಕೋ. ಅದೂ ಸುಧಾರಿಸಿಕೊಳ್ಳಲಿ."

ಬಾಳಪ್ಪ ಮೆಟ್ಟಿಲ ಮೇಲೆ ಕೂತ. ಗುರುಗಳು ಒಳಗೆ ಹೋಗಿ ಬೆಲ್ಲದ ನೀರು ತಂದು ಕೊಟ್ಟರು. ಸುಮ್ಮನೆ ಕೂರಲಾರದೆ ಏನೋ ಮಾತು ತೆಗೆದರು.

"ನಮ್ಮವ್ವ ನನ್ನನ್ನ ಮಠದಲ್ಲಿ ಬಿಟ್ಟು ಹೊರಟಾಗ ಒಂದು ಸಲ ತಿರುಗಿ ನೋಡ್ತಾಳೆ ಅಂತ ನಿಂತೇ ಇದ್ದೆ."

"ಅವ್ವ ತಿರುಗಿ ನೋಡಿದ್ರಾ?"

"ಹುಣಸೆಮರ ಅಡ್ಡ ಬಂತು."

ಬಾಳಪ್ಪ ಲೋಟ ಹಿಡಿದುಕೊಂಡೇ ಕೂತ. ಇಷ್ಟು ವರ್ಷ ಜೊತೆಗಿದ್ದು ಗುರುಗಳ ಬಾಯಲ್ಲಿ ಅವನು ಕೇಳಿದ್ದೆಲ್ಲ ಪಾಠ. ಅವರಿಗೊಬ್ಬ ಅವ್ವ ಇದ್ದಳು ಅನ್ನೋದೇ ಅವನಿಗೆ ಹೊಳೆದಿರಲಿಲ್ಲ.

ಎದ್ದು ಹೋಗಿ ಹಗ್ಗ ಎಳೆದರೆ ಮೆಷಿನ್ನು ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಮತ್ತೆ ಮೆಟ್ಟಿಲು, ಮತ್ತೆ ಬೆಲ್ಲದ ನೀರು, ಮತ್ತೊಂದು ಮಾತು.

ಹೀಗೇ ದಿನ ಕಳೆದವು. ಮುಂದೆ ಕೊಯ್ಯುತ್ತ ಹೋದರೆ ಹಿಂದೆ ಚಿಗುರುತ್ತ ಬಂತು.

ಬಾಳಪ್ಪನಿಗೆ ಅವಸರ. ಆಚೆ ದಡದಲ್ಲಿ ಮಕ್ಕಳು ಕಾಯುತ್ತಿದ್ದಾರೆ. ಪೆಟ್ರೋಲ್ ಇಳಿದು ಬರುವ ಪೈಪನ್ನು ಬಿಚ್ಚಿ ಊದಿದ. ಪೆಟ್ರೋಲ್ ಸೋಸುವ ಜಾಲರಿ ತೊಳೆದ. ಕಾರ್ಬುರೇಟರ್ ಬಿಚ್ಚಿ ಅದರ ಸಣ್ಣ ಕಂಡಿಯಲ್ಲಿ ತಂತಿ ಆಡಿಸಿದ. ಹಳೇ ಪೆಟ್ರೋಲ್ ತೆಗೆದು ಹೊಸದು ಹಾಕಿದ. ಮೆಷಿನ್ನು ನಿಲ್ಲುವುದು ನಿಲ್ಲಲಿಲ್ಲ.

ಒಂದು ವಿಚಿತ್ರವಿತ್ತು. ನಿಂತ ಮೆಷಿನ್ನಿನ ಟ್ಯಾಂಕಿನ ಮುಚ್ಚಳ ತೆಗೆದು, ಪೆಟ್ರೋಲ್ ಇದೆಯಾ ಅಂತ ಇಣುಕಿ, ಮುಚ್ಚಿ ಎಳೆದರೆ ತಕ್ಷಣ ಶುರುವಾಗುತ್ತಿತ್ತು.

"ಯಾರಾದರೂ ಬಂದು ಹೇಗಿದೀಯ ಅಂದರೆ ಸಾಕೇನೋ ಅದಕ್ಕೆ" ಅಂದರು ಗುರುಗಳು.

ಬಾಳಪ್ಪ ನಗಲಿಲ್ಲ. ಅವನ ಗಮನ ಮುಚ್ಚಳದ ಮೇಲೆ ಹೋಗಿತ್ತು. ಪೈಪಿನ ತುದಿ ಬಿಚ್ಚಿ ಕೆಳಗೊಂದು ಡಬ್ಬ ಇಟ್ಟ. ಪೆಟ್ರೋಲ್ ಧಾರೆಯಾಗಿ ಬಂತು, ದಾರವಾಯಿತು, ಹನಿಯಾಯಿತು, ನಿಂತಿತು. ಟ್ಯಾಂಕು ತುಂಬಿಯೇ ಇದೆ. ಮುಚ್ಚಳ ತಿರುವಿದ. ಉಸ್ ಅಂತ ಒಂದು ಉಸಿರು ಕೇಳಿಸಿತು. ಧಾರೆ ಮತ್ತೆ ಹರಿಯಿತು.

ಮುಚ್ಚಳದ ನೆತ್ತಿಯಲ್ಲಿ ಸೂಜಿ ತೂರುವಷ್ಟು ಒಂದು ತೂತು. ಮಣ್ಣುಗೂಡು ಕಟ್ಟುವ ಯಾವುದೋ ಹುಳ ಅದನ್ನು ಮೆತ್ತಿಬಿಟ್ಟಿತ್ತು.

ಬಾಳಪ್ಪ ಸೂಜಿಯಿಂದ ಮಣ್ಣು ಕೆದಕಿ ತೆಗೆದು, ಮುಚ್ಚಳ ಹಿಡಿದು ಓಡಿಬಂದ.

"ಸಿಕ್ಕಿತು ಗುರುಗಳೇ. ಮೇಲಿಂದ ಇಷ್ಟು ಗಾಳಿ ಒಳಗೆ ಹೋದರೇನೇ ಕೆಳಗಿಂದ ಪೆಟ್ರೋಲ್ ಇಳಿಯೋದು. ಗಾಳಿ ಹೋಗೋ ತೂತು ಮುಚ್ಚಿತ್ತು."

"ಒಳಗೆ ತುಂಬಿದ್ದರೂ ಇಳಿಯಲ್ವಾ?"

"ತುಂಬಿದ್ದರೂ ಇಳಿಯಲ್ಲ."

ಗುರುಗಳು ಮುಚ್ಚಳ ಇಸಿದುಕೊಂಡು ಬೆರಳಿನಿಂದ ತಡವಿದರು.

"ಇಷ್ಟೇ ತೂತಾ?"

"ಇಷ್ಟೇ ಗುರುಗಳೇ."

ಅವತ್ತು ಮೆಷಿನ್ನು ನಿಲ್ಲಲಿಲ್ಲ. ಜಗಲಿಯ ಮುಂದೆ ಹೋಯಿತು, ಬಂತು, ಹೋಯಿತು. ಆ ಸದ್ದಿಗೆ ಗುರುಗಳು ಎರಡು ಸಲ ಏನೋ ಕೂಗಿ ಹೇಳಿದ್ದು ಬಾಳಪ್ಪನಿಗೆ ಕೇಳಿಸಲೇ ಇಲ್ಲ. ಬೆಲ್ಲದ ನೀರಿನ ಲೋಟಕ್ಕೆ ಇರುವೆ ಹತ್ತಿತು.

ಸಂಜೆ ಬಾಳಪ್ಪ ಕೈಕಾಲು ತೊಳೆದು ಬಂದ.

"ಹೊಳೆ ದಂಡೆಯದು ಮಾತ್ರ ಉಳೀತು. ನಾಳೆ ಮುಗಿದೇ ಹೋಗುತ್ತೆ. ನಾಡಿದ್ದು ಹೊರಡ್ತೀನಿ."

"ಒಳ್ಳೇದಾಯ್ತು" ಅಂದರು ಗುರುಗಳು. ಬೇಗ ಮಲಗಿದರು.

ಮರುದಿನ ಜಗಲಿ ದಾಟುವ ಮೊದಲೇ ಮೆಷಿನ್ನು ಕೆಮ್ಮಿ ನಿಂತಿತು.

ಬಾಳಪ್ಪ ಮುಚ್ಚಳ ನೋಡಿದ. ತೂತು ಮುಚ್ಚಿತ್ತು. ಈ ಸಲ ಮಣ್ಣಲ್ಲ. ಉಗುರಿನಿಂದ ಕೆರೆದರೆ ಜೇನುಮೇಣ. ಮೂಗಿನ ಹತ್ತಿರ ಹಿಡಿದ. ಬೇವಿನೆಣ್ಣೆಯ ವಾಸನೆ.

ಗುರುಗಳ ಹಿಮ್ಮಡಿ ಒಡೆಯುತ್ತಿತ್ತು. ಚಳಿ ಬಂತೆಂದರೆ ಬೇವಿನೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಡಬ್ಬಿಗೆ ತುಂಬಿ ಕೊಡುವವನು ಬಾಳಪ್ಪನೇ.

ಮುಚ್ಚಳ ಹಿಡಿದು ಸುಮಾರು ಹೊತ್ತು ನಿಂತ. ಹೊಳೆಯ ಕಡೆ ನೋಡಿದ. ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತ.

ಬೆಲ್ಲದ ನೀರು ಬಂತು. ಕುಡಿದ.

"ಏನಂತೆ ಅದಕ್ಕೆ?" ಕೇಳಿದರು ಗುರುಗಳು.

"ಮತ್ತೆ ತೂತು ಮುಚ್ಚಿದೆ."

"ಹುಳಾನಾ?"

"ಹುಳಾನೇ ಗುರುಗಳೇ. ಸ್ವಲ್ಪ ವಯಸ್ಸಾಗಿರೋ ಹುಳ."

ಗುರುಗಳಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

"ಕಾಲು ಒಡೆದಿರೋ ಹುಳ" ಅಂದರು.

ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು ನೀರಿನ ಮೇಲೆ ನಡೆದು ಬರುತ್ತಿತ್ತು.

"ನಾನು ಹೋಗಲ್ಲ ಗುರುಗಳೇ."

"ಹೋಗಬೇಕು."

"ಮತ್ತೆ ಇದ್ಯಾಕೆ ಮಾಡಿದ್ರಿ?"

ಗುರುಗಳು ತಮ್ಮ ಅಂಗೈ ನೋಡಿಕೊಂಡರು.

"ಎಷ್ಟು ಜನರನ್ನ ಕಳಿಸಿದೆ. ಕಳಿಸೋದು ನನಗೆ ಬರುತ್ತೆ ಅಂದ್ಕೊಂಡಿದ್ದೆ. ಒಬ್ಬ ಹೋದಾಗ ಯಾವಾಗಲೂ ಇನ್ನೊಬ್ಬ ಉಳಿದಿರ್ತಿದ್ದ ಕಣಪ್ಪ."

ಬಾಳಪ್ಪ ಲೋಟ ಕೆಳಗಿಟ್ಟ.

"ಆ ಮಕ್ಕಳಿಗೆ ಬೇರೆ ಯಾರಾದರೂ ಸಿಗ್ತಾರೆ. ನಾನಿಲ್ಲೇ ಇರ್ತೀನಿ. ದಿನಾ ಕೂತು ಮಾತಾಡೋಣ."

"ತುಂಬಿದ್ದರೂ ಇಳಿಯಲ್ಲ ಅಂತ ಹೇಳಿಕೊಟ್ಟವನು ಯಾರು? ನಿನ್ನಲ್ಲಿ ತುಂಬಿದ್ದು ಆ ಮಕ್ಕಳಿಗೆ ಇಳೀಬೇಡ್ವಾ? ಕೊಡು ಇಲ್ಲಿ."

ಗುರುಗಳು ಕೈ ಚಾಚಿದರು. ಬಾಳಪ್ಪ ಮುಚ್ಚಳ ಕೊಟ್ಟ, ಸೂಜಿಯನ್ನೂ ಕೊಟ್ಟ. ಮಂಜುಗಣ್ಣಿಗೆ ತೂತು ಕಾಣಲಿಲ್ಲ. ಸೂಜಿ ಆಚೀಚೆ ಜಾರಿತು. ಬಾಳಪ್ಪ ಕೈ ಮುಂದೆ ಮಾಡಿದ.

"ಬೇಡ. ಮುಚ್ಚಿದ ಕೈಯೇ ತೆಗೀಲಿ."

ಬೆರಳಲ್ಲಿ ತಡವಿ ತಡವಿ ಜಾಗ ಹುಡುಕಿದರು. ಮೇಣ ಕೆದಕಿ ತೆಗೆದರು. ತುಟಿಗೆ ಹಿಡಿದು ಊದಿ ನೋಡಿದರು. ಆಮೇಲೆ ಬರಿಗಾಲಲ್ಲಿ ಅಂಗಳಕ್ಕಿಳಿದು, ತಾವೇ ಬಗ್ಗಿ, ಟ್ಯಾಂಕಿಗೆ ಮುಚ್ಚಳ ತಿರುವಿದರು.

ಬಾಳಪ್ಪ ಹಗ್ಗ ಹಿಡಿದ. ಎಳೆಯಲಿಲ್ಲ. ದಂಡೆಯುದ್ದಕ್ಕೂ ಉಳಿದದ್ದು ಒಂದು ಪಟ್ಟಿ ಹುಲ್ಲು. ಮಧ್ಯಾಹ್ನದೊಳಗೆ ಆಗಿಹೋಗುವಷ್ಟು.

"ಎಳಿ" ಅಂದರು ಗುರುಗಳು.

ಎಳೆದ. ಒಂದೇ ಎಳೆತಕ್ಕೆ ಶುರುವಾಯಿತು. ಅಂಗಳವೆಲ್ಲ ಸದ್ದು ತುಂಬಿತು.

ಗುರುಗಳು ಅವನ ಹೆಗಲು ಹಿಡಿದು, ಕೇಳಿಸಲಿ ಅಂತ ಕಿವಿಯ ಹತ್ತಿರ ಬಂದರು.

"ಇನ್ನು ಅದು ನಿಲ್ಲೋದು ಬೇಡ. ನೀನು ಮಾತ್ರ ಸ್ವಲ್ಪ ನಿಧಾನ ನಡಿ."