ಬೆಳಕಿನ ಕತ್ತಿಯ ವೈರಿ

"ಕೇಳ್ರಪ್ಪೋ ಕೇಳಿ! ಹೊನ್ನಗಿರಿಯ ಮಹಾರಾಣಿ ಚೆನ್ನಾಜಮ್ಮನವರ ಅಪ್ಪಣೆ. ಮೂರು ಒಗಟು ಬಿಡಿಸಿದವರಿಗೆ ಬೆಳಕಿನ ಕಾರ್ಖಾನೆಯ ಯಜಮಾನಿಕೆ. ಒಂದು ತಪ್ಪಿದರೂ ಹೊತ್ತು ಮುಳುಗುವಾಗ ತಲೆದಂಡ!" ಅಂತ ಊರೆಲ್ಲ ಡಂಗುರ ಸಾರಿದರು.

ಆ ಕಾರ್ಖಾನೆ ಅಂದರೆ ಸಾಮಾನ್ಯವೇ? ಈಗಿನವರು ಲೇಸರ್ ಅನ್ನುತ್ತಾರಲ್ಲ, ಆ ಬೆಳಕಿನ ಕತ್ತಿಯಿಂದ ಉಗುರಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಕೂದಲಿಗಿಂತ ಸಣ್ಣ ದಾರಿಗಳನ್ನು ಕೊರೆಯುತ್ತಿದ್ದರು. ಅಬ್ಬಾ, ಒಂದು ಬಿಲ್ಲೆಯಲ್ಲಿ ಇಡೀ ಊರಿನ ಬೀದಿಗಳು! ಕಂಡವರು ಕೈ ಮುಗಿಯಬೇಕು, ಹಾಗಿತ್ತು.

ಕಾರ್ಖಾನೆಯ ಪಡಸಾಲೆಯಲ್ಲೇ ರಾಣಿ ಸಭೆ ಕರೆದಳು. ಅಲಗಿಲ್ಲ, ತೂಕವಿಲ್ಲ, ಮುಟ್ಟದೆ ಕೊಯ್ಯುತ್ತದೆ, ಏನದು ಅಂದಳು. ನೆರೆರಾಜ್ಯದ ರಾಜಕುಮಾರ ಮೀಸೆ ತಿರುವಿ ನಾಲಿಗೆ ಅಂದ, ಸೆರೆಮನೆ ಸೇರಿದ. ಒಂದು ಮನೆ ಸುಟ್ಟು ಬೂದಿಯಾದರೂ ಅಂಟಿಕೊಂಡ ಮನೆಗೆ ಬಿಸಿ ತಾಗಲಿಲ್ಲ, ಹೇಗೆ ಅಂದಳು. ಆಸ್ಥಾನ ಪಂಡಿತ ಮಂತ್ರದ ಕಟ್ಟು ಅಂದ, ಅವನೂ ಒಳಗೆ.

ಇಪ್ಪತ್ತು ವರ್ಷ ಆ ಬೆಳಕನ್ನು ನಡೆಸಿದ ತಿಪ್ಪಯ್ಯ ಎರಡನ್ನೂ ನೀರು ಕುಡಿದಂತೆ ಬಿಡಿಸಿದ. ಮೂರನೆಯದಾಗಿ ರಾಣಿ, ಈ ಬೆಳಕಿನ ಕತ್ತಿಯನ್ನೂ ಸೋಲಿಸುವ ವೈರಿ ಯಾರು ಅಂದಾಗ ಮಾತ್ರ ಕನ್ನಡಿ ಅಂದುಬಿಟ್ಟ. ಕನ್ನಡಿ ಅದಕ್ಕೆ ದಾರಿ ತೋರಿಸುವ ಗೆಳತಿ, ವೈರಿಯಲ್ಲ ಅಂದಳು ರಾಣಿ. ಅವನಿಗೂ ಸೆರೆಮನೆಯೇ ಆಯಿತು.

ಕಾರ್ಖಾನೆಯ ಕಸ ಗುಡಿಸುವ ದುರುಗವ್ವ ಅವನ ಮಗಳು. ಸುದ್ದಿ ಕೇಳಿ ಓಡಿ ಬಂದಳು. ಅಪ್ಪನ ಜೀವ ಹೋಗುವ ಹೊತ್ತಿನಲ್ಲೂ ಕೈ ರೂಢಿ ಬಿಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಕಾಲೊರೆಸಿಕೊಂಡೇ ಒಳಗೆ ಬಂದಳು. ಕಾವಲುಗಾರರು ನಕ್ಕರು.

ಮೂರು ಒಗಟನ್ನೂ ಕೇಳಿಸಿಕೊಂಡಳು. ಮೊದಲನೆಯದು ಬೆಳಕು ಅಂದಳು. "ಎರಡನೆಯದೂ ಅದೇ ತಾಯಿ. ನಮ್ಮವ್ವ ಒಲೆಯ ಕೆಂಡವನ್ನ ಬರಿಗೈಲಿ ಎತ್ತಿ ಹಾಕ್ತಾಳೆ. ಕೈ ಸುಡೋಕೆ ಮುಂಚೆ ಕೆಂಡ ಕೈಲಿರಲ್ಲ. ನಿಮ್ಮ ಬೆಳಕೂ ಹಂಗೇ, ಎವೆ ಬಡಿಯೋದರೊಳಗೆ ಸಾವಿರ ಸಲ ಬಂದು ಹೋಗ್ತದೆ. ಬಿಸಿ ಪಕ್ಕದ ಮನೆಗೆ ಹರಡೋಕೆ ಪುರುಸೊತ್ತೆಲ್ಲಿ?"

ಮೂರನೆಯದಕ್ಕೆ ನೆಲ ನೋಡಿದಳು. ಬಾಗಿಲಿಂದ ಸಿಂಹಾಸನದವರೆಗೆ ಹೆಜ್ಜೆ ಗುರುತು. ರಾಜಕುಮಾರನದು, ಪಂಡಿತನದು, ಸಭೆಗೆಂದು ಹೊಸ ಜೋಡು ಮೆಟ್ಟಿ ಬಂದ ಅಪ್ಪನದೂ. ಬೆರಳಲ್ಲಿ ಒರೆಸಿ ರಾಣಿಗೆ ತೋರಿಸಿದಳು.

"ಧೂಳು, ತಾಯಿ. ಬೆಳಕಿನ ದಾರಿಗೆ ಒಂದು ಕಣ ಅಡ್ಡ ಬಿದ್ದರೆ ಬಿಲ್ಲೆಯೆಲ್ಲ ಕಸ. ಅದಕ್ಕೇ ದಿನಾ ಒರೆಸ್ತೀನಿ."

ರಾಣಿ ಕಾರ್ಖಾನೆಯ ಬೀಗದಕೈ ನೀಡಿದಳು. ಮೂವರ ತಲೆ ಉಳಿಸಿಕೊಡಿ, ಆಮೇಲೆ ತಗೊಳ್ತೀನಿ ಅಂದಳು ದುರುಗವ್ವ. ಹಾಗೇ ಆಯಿತು. ಇಪ್ಪತ್ತು ವರ್ಷ ಬೆಳಕನ್ನೇ ನೋಡಿದೆ, ನೆಲ ನೋಡಲಿಲ್ಲವಲ್ಲ ಮಗಳೇ ಅಂತ ತಿಪ್ಪಯ್ಯ ಅತ್ತುಬಿಟ್ಟ.

ರಾಣಿ ಸಿಂಹಾಸನ ಇಳಿದಳು. ರತ್ನದ ಪಾದುಕೆಗಳನ್ನು ತಾನೇ ಬಾಗಿಲಾಚೆ ಬಿಟ್ಟು ಬಂದು ಹೊಸ್ತಿಲಲ್ಲಿ ನಿಂತಳು.

"ಯಜಮಾನಿ, ಆ ಒದ್ದೆ ಬಟ್ಟೆ ಇತ್ತ ಕೊಡಮ್ಮ" ಅಂದಳು.