ಬಳೆಗಾರ್ತಿ ತುಂಬಿದ ಉಡಿ

“ಗುರುಗಳೇ, ಗಂಡನ ಹೊಡೆತ ತಾಳದೆ ಆ ಹೆಣ್ಣುಮಗಳು ನಮ್ಮ ಮಠಕ್ಕೆ ಬಂದು ಈಗ ಎರಡು ವರ್ಷವಾಯಿತು. ಗಾಯಗಳು ಮಾಯ್ದಿವೆ. ಹೇಳಿದ ಕೆಲಸ ಮಾಡುತ್ತಾಳೆ, ಹಾಕಿದ್ದು ಉಣ್ಣುತ್ತಾಳೆ, ಯಾವುದಕ್ಕೂ ಎದುರಾಡುವುದಿಲ್ಲ. ನಾಳೆ ಒಂದು ಸೀರೆ ಕೊಟ್ಟು ಕಳಿಸಿಬಿಡೋಣವೇ? ಇನ್ನೆಷ್ಟು ದಿನ ನೋಡಿಕೊಳ್ಳಬೇಕು?” ಎಂದು ಶಿಷ್ಯ ಕೇಳಿದ.

“ಕುಳಿತುಕೋ. ನಿನ್ನ ಅವಸರ ಎಲ್ಲೂ ಓಡಿಹೋಗುವುದಿಲ್ಲ” ಎಂದು ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಒಂದು ದಿನ ಪಕ್ಕದ ಊರಿನಲ್ಲಿ ಒಬ್ಬ ಹೆಂಗಸಿಗೆ ಬಳೆ ಇಡಿಸುತ್ತಿದ್ದಳು. ಆಕೆಯ ಮುಂಗೈ ಬಾತು ಕಪ್ಪಾಗಿತ್ತು. ಬಾತ ಕೈಗೆ ಬಳೆ ಒತ್ತಿದರೂ ಆಕೆ ಸೊಲ್ಲೆತ್ತಲಿಲ್ಲ. ಬಳೆಗಾರ್ತಿ ಕೆದಕಿ ಕೇಳಿದಳು. ಆಕೆ ಮೂರು ಸಲ ಗಂಡನನ್ನು ಬಿಟ್ಟು ತವರಿಗೆ ಓಡಿಹೋಗಿದ್ದಳಂತೆ. ಮೂರು ಸಲವೂ ತಾಯಿ ಎಂಟು ದಿನ ಇಟ್ಟುಕೊಂಡು, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ, ತಿರುಗಿ ಗಂಡನ ಮನೆಗೇ ಕಳಿಸಿದ್ದಳಂತೆ. ಈಗ ತಾಯಿಯೂ ಇರಲಿಲ್ಲ. ಬಳೆಗಾರ್ತಿ ಅಲ್ಲಿಂದೆದ್ದು ಆಕೆಯ ಕೈ ಹಿಡಿದುಕೊಂಡೇ ತನ್ನ ಮನೆಗೆ ಬಂದಳು.

ಗಂಡ ಎರಡು ಸಲ ಬಂದು ಕೂಗಾಡಿದ. ಓಣಿಯ ಹೆಂಗಸರು ಅಡ್ಡ ನಿಂತು ಅವನನ್ನು ಅಟ್ಟಿದರು. ಮೊದಲ ವರ್ಷ ದಿನವೂ ಯಾರಾದರೊಬ್ಬರು ಬಂದು ಆಕೆಯ ಜೊತೆ ಕೂತು ಮಾತಾಡಿಸುತ್ತಿದ್ದರು. ಎರಡನೆಯ ವರ್ಷ ಆಕೆಯ ಮೈ ತುಂಬಿಕೊಂಡಿತು. ಇನ್ನೇನು ಚಿಂತೆಯಿಲ್ಲ ಎಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಬಳೆ ಆರಿಸಿಕೋ ಎಂದರೆ ಆಕೆ ಯಾವ ಬಣ್ಣವನ್ನೂ ಹೇಳುತ್ತಿರಲಿಲ್ಲ, ಕೊಟ್ಟದ್ದನ್ನೇ ಇಟ್ಟುಕೊಳ್ಳುತ್ತಿದ್ದಳು. ಎಂಥ ಗುಣವಂತೆ ಎಂದು ಓಣಿಯೆಲ್ಲ ಹೊಗಳಿತು. ಮಂದಿಗೆ ಹೊಗಳುವುದು ಬಹಳ ಸುಲಭ, ನೋಡು.

ಶ್ರಾವಣ ಬಂತು. ಇವಳೂ ನನ್ನ ಮಗಳೇ ಎಂದುಕೊಂಡ ಬಳೆಗಾರ್ತಿ ನಾಲ್ಕು ಜನರನ್ನು ಕರೆದು, ಆಕೆಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಆಕೆಯ ತಾಯಿಯ ಕತೆ ಬಳೆಗಾರ್ತಿಗೆ ಗೊತ್ತಿತ್ತು. ಆ ಸಂತೋಷದಲ್ಲಿ ನೆನಪಾಗಲಿಲ್ಲ. ಆಕೆ ಎಲ್ಲರ ಕಾಲಿಗೆ ನಮಸ್ಕರಿಸಿ ಒಳಗೆ ಹೋದಳು. ಊಟಕ್ಕೆ ಕರೆದಾಗ ಮನೆಯಲ್ಲಿ ಆಕೆ ಇರಲಿಲ್ಲ. ಕೊಡಗಳಿಗೆಲ್ಲ ನೀರು ತುಂಬಿಟ್ಟು ಹೋಗಿದ್ದಳು.

ಬಳೆಗಾರ್ತಿ ಎಲ್ಲೆಲ್ಲೋ ಹುಡುಕಿ, ಕೊನೆಗೆ ಆಕೆಯ ಗಂಡನ ಮನೆಗೆ ಓಡಿದಳು. ಆಕೆ ಕಟ್ಟೆಯ ಮೇಲೆ ಕೂತು ಉಡಿಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತುಟಿ ಆಗಲೇ ಒಡೆದಿತ್ತು.

“ಯಾಕ ಬಂದಿಯವ್ವಾ ಇಲ್ಲಿ?”

“ಉಡಿ ತುಂಬಿದ್ರಲ್ಲ ಯವ್ವಾ. ಇನ್ನ ಹೋಗು ಅಂದಂಗ ಅಲ್ಲೇನು?”

ಬಳೆಗಾರ್ತಿ ಅತ್ತಳು, ಗೋಗರೆದಳು, ಕೈ ಹಿಡಿದು ಎಳೆದಳು. ಗಂಡ ಬಂದು ಬಾಗಿಲಲ್ಲಿ ನಿಂತ. ಆಕೆ ತಲೆ ತಗ್ಗಿಸಿ ಮತ್ತೆ ಕಲ್ಲು ಆರಿಸತೊಡಗಿದಳು. ಮುಂದಿನ ಶ್ರಾವಣದ ಹೊತ್ತಿಗೆ ಆಕೆ ಬದುಕಿರಲಿಲ್ಲ.

ಗುರುಗಳು ಕತೆ ಮುಗಿಸಿದರು.

ಶಿಷ್ಯ ಮೆಲ್ಲಗೆ, “ಬಳೆಗಾರ್ತಿ ಒಳ್ಳೆಯವಳೇ ಅಲ್ಲವೇ, ಗುರುಗಳೇ?” ಎಂದ.

“ನಿನ್ನಷ್ಟೇ ಒಳ್ಳೆಯವಳು. ಅದಕ್ಕೇ ನನಗೆ ಹೆದರಿಕೆ” ಎಂದು ಗುರುಗಳು ಶಿಷ್ಯನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು:

“ಈ ಎರಡು ವರ್ಷದಲ್ಲಿ ಆ ಹೆಣ್ಣುಮಗಳು ‘ಒಲ್ಲೆ’ ಎಂದದ್ದನ್ನು ನೀನು ಒಮ್ಮೆಯಾದರೂ ಕೇಳಿದ್ದೀಯಾ?”