ತಂದವನಿಗೆ ತಂದಷ್ಟು

ಹೊಳೆ ದಂಡೆಯ ಮೇಲೆ ಒಂದು ಮಠವಿತ್ತು. ಊರಿನ ಹೆಸರು ಹೇಳುವುದಿಲ್ಲ. ಹೊಳೆ ದಂಡೆಯ ಊರಿನವರೆಲ್ಲ ನಮ್ಮದೇ ಮಠ ಅಂದುಕೊಂಡು ಕೇಳಲಿ.

ಮಠಕ್ಕೆ ಹೊಲವಿರಲಿಲ್ಲ, ಕಾಣಿಕೆ ಹುಂಡಿಯಿರಲಿಲ್ಲ. ಶಿಷ್ಯರು ಬೆಳಿಗ್ಗೆ ಜೋಳಿಗೆ ಹಾಕಿಕೊಂಡು ಒಬ್ಬೊಬ್ಬರು ಒಂದೊಂದು ಓಣಿಗೆ ಹೋಗಿ ರೊಟ್ಟಿ ಬೇಡಿ ತರುತ್ತಿದ್ದರು. ಅದೇ ಎಲ್ಲರ ಊಟ.

ತಂದದ್ದನ್ನು ಒಪ್ಪಿಸುವುದಕ್ಕೆ ಅಲ್ಲೊಂದು ಪದ್ಧತಿಯಿತ್ತು. ಅಡುಗೆಮನೆ ಪಕ್ಕದ ಕತ್ತಲ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟಿತ್ತು. ಒಬ್ಬೊಬ್ಬರಾಗಿ ಒಳಗೆ ಹೋಗಬೇಕು, ಜೋಳಿಗೆಯನ್ನು ದೊಡ್ಡ ಬುಟ್ಟಿಗೆ ಸುರಿಯಬೇಕು, ಖಾಲಿ ಜೋಳಿಗೆ ಕೊಡವುತ್ತ ಹೊರಗೆ ಬರಬೇಕು. ಯಾರು ಎಷ್ಟು ತಂದರೆಂದು ಕೇಳುವ ಹಾಗಿಲ್ಲ. ಹೆಗಲ ಮೇಲಿನ ಜೋಳಿಗೆ ಉಬ್ಬಿದ್ದು ಕಂಡರೂ ಕಾಣದವರ ಹಾಗೆ ಇರಬೇಕು. ಆಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು.

ಶಿಷ್ಯರಲ್ಲೊಬ್ಬನಾದ ಉಳವಯ್ಯನಿಗೆ ಈ ಕಂಬಳಿ ಕಂಡರೆ ಆಗುತ್ತಿರಲಿಲ್ಲ.

ಅವನದು ಪೇಟೆ ಓಣಿ. ಒಳ್ಳೆಯ ಕಂಠ ಬೇರೆ. ಪದ ಹಾಡುತ್ತ ಬಂದನೆಂದರೆ ಅಂಗಡಿ ಸಾಲಿನ ಹೆಂಗಸರು ರೊಟ್ಟಿ ಹಿಡಿದು ಮೊದಲೇ ಬಾಗಿಲಿಗೆ ಬಂದಿರುತ್ತಿದ್ದರು.

ಅವನ ಗೆಳೆಯ ಗದಿಗೆಯ್ಯನದು ನೇಕಾರರ ಓಣಿ. ಅಲ್ಲಿ ಮಗ್ಗ ಸದ್ದು ಮಾಡಿದ ದಿನ ರೊಟ್ಟಿ ಸಿಗುತ್ತಿತ್ತು, ಸುಮ್ಮನಿದ್ದ ದಿನ ಬರೀ ನಮಸ್ಕಾರ ಸಿಗುತ್ತಿತ್ತು. ಗದಿಗೆಯ್ಯನಿಗೆ ಒಂದು ಕಾಲು ಕುಂಟು. ಹಾಡಲಂತೂ ಬಾರದು.

ಆದರೆ ತಲೆ ಬಹಳ ಚುರುಕು. ಉಳವಯ್ಯ ಶಾಸ್ತ್ರದ ಪದ್ಯ ಹೇಳುವಾಗ ಒಂದರ ಮೊದಲರ್ಧಕ್ಕೆ ಇನ್ನೊಂದರ ಕೊನೆಯರ್ಧ ಅಂಟಿಸಿಬಿಡುತ್ತಿದ್ದ. ರಾಗದ ಗುಂಗಿನಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗದಿಗೆಯ್ಯ ಮಾತ್ರ ಬಿಡುತ್ತಿರಲಿಲ್ಲ.

“ಏ ಉಳವ್ಯಾ, ಎಮ್ಮಿ ತಲಿಗೆ ಕುದುರಿ ಬಾಲ ಹಚ್ಚಿದೆಲ್ಲೋ!”

ಇಬ್ಬರೂ ಬೈದಾಡಿ, ನಕ್ಕು, ಪದ್ಯ ಸರಿಮಾಡಿಕೊಳ್ಳುತ್ತಿದ್ದರು.

ಆ ವರ್ಷ ಪಟ್ಟಣದ ದೊಡ್ಡ ಮಠದಿಂದ ಕರೆ ಬಂತು. ಶ್ರಾವಣದಲ್ಲಿ ಪ್ರವಚನ ಹೇಳಲು ಒಬ್ಬ ಶಿಷ್ಯನನ್ನು ಕಳಿಸಿ, ಮಂದಿಗೆ ಒಪ್ಪಿಗೆಯಾದರೆ ನಮ್ಮ ಪಾಠಶಾಲೆಯನ್ನೇ ಅವನಿಗೆ ವಹಿಸುತ್ತೇವೆ ಎಂದು. ಮಠದ ಗುರುಗಳಾದ ಅಜ್ಜಯ್ಯ ಉಳವಯ್ಯನ ಹೆಸರು ಹೇಳಿದರು. ಉಳವಯ್ಯನಿಗೆ ಆ ಪಾಠಶಾಲೆ ಬೇಕಾಗಿತ್ತು. ಕನಸಿನಲ್ಲೂ ಅದೇ ಬರುವಷ್ಟು ಬೇಕಾಗಿತ್ತು.

ಹೆಸರು ಬಂದ ಮೇಲೆ ಮನುಷ್ಯನಿಗೆ ಪಕ್ಕದವನ ತಟ್ಟೆಯೂ ಕಾಣತೊಡಗುತ್ತದೆ. ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ಉಳವಯ್ಯ ನೋಡಿದ. ತನ್ನ ತಟ್ಟೆಗೆ ಬಿದ್ದಷ್ಟೇ ರೊಟ್ಟಿ ಗದಿಗೆಯ್ಯನ ತಟ್ಟೆಗೂ ಬಿದ್ದಿತ್ತು. ಅಂದು ಮಗ್ಗಗಳು ನಿಂತಿದ್ದವೆಂದು ಅವನಿಗೆ ಗೊತ್ತಿತ್ತು. ಕೈ ತೊಳೆದವನೇ ಅಜ್ಜಯ್ಯನ ಮುಂದೆ ಹೋಗಿ ನಿಂತ.

“ಅಜ್ಜಾರ, ಒಂದು ಮಾತು ಕೇಳಬೇಕಾಗಿತ್ತು. ಸಿಟ್ಟಾಗಬಾರದು.”

“ಕೇಳು. ಸಿಟ್ಟು ಬಂದ್ರ ಹೇಳ್ತೀನಿ.”

“ಹೆಚ್ಚು ತಂದಾಂವ, ಏನೂ ತರದಾಂವ, ಇಬ್ರಿಗೂ ಒಂದ ಅಳತಿ. ಇದು ನ್ಯಾಯ ಏನ್ರಿ?”

“ನಿನಗ ಹೊಟ್ಟಿ ತುಂಬವಲ್ದೇನು?”

“ತುಂಬತೈತ್ರಿ. ಹೊಟ್ಟಿ ಮಾತಲ್ಲ. ನಾ ನಸುಕಿನ್ಯಾಗ ಏಳ್ತೀನಿ, ಗಂಟಲು ಹರಕೋತೀನಿ, ಪೇಟಿ ತುಂಬ ಅಡ್ಡಾಡತೀನಿ. ಅದು ಯಾರ ಕಣ್ಣಿಗೂ ಬೀಳೂದಿಲ್ಲ. ಕಂಬಳಿ ಹಿಂದ ಹೋಗಿ ಕಳ್ಳನಂಗ ಸುರುವಿ ಬರಬೇಕು.”

“ಹಂಗಾರ ಹೆಂಗಿರಬೇಕಂತಿ?”

“ತಂದಾವಗ ತಂದಷ್ಟು.”

“ತರಾಕ ಆಗದಾವಗ?”

“ಅವಂಗ ನಾವು ಕೈಲಾದಷ್ಟು ಕೊಡೂದು ಇದ್ದ ಐತಲ್ರಿ. ನಮ್ಮದೇನು ಕಲ್ಲಿನ ಎದಿ ಏನ್ರಿ?”

ಅಜ್ಜಯ್ಯ ಎದ್ದರು. ತಾವೇ ಹೋಗಿ ಕಂಬಳಿ ಕಿತ್ತು, ಮಡಚಿ, ಉಳವಯ್ಯನ ಕೈಗೆ ಕೊಟ್ಟರು.

“ಹೊಚಗೊಂಡು ಮಲಕ್ಕೋ. ಹೊಳಿ ದಂಡಿ ಥಂಡಿ ಭಾಳ.”

ಇಷ್ಟು ಸುಲಭವಾಗಿ ಆಗುತ್ತದೆಂದು ಉಳವಯ್ಯ ಎಣಿಸಿರಲಿಲ್ಲ. ವಾದಕ್ಕೆಂದು ಇನ್ನೂ ಏನೇನೋ ಕಟ್ಟಿಕೊಂಡು ಬಂದಿದ್ದ. ಅದೆಲ್ಲ ದಂಡವಾಯಿತು.

ಮರುದಿನ ಬೆಳಿಗ್ಗೆ ಅಜ್ಜಯ್ಯನವರೂ ಒಂದು ಹಳೆಯ ಜೋಳಿಗೆ ಹುಡುಕಿ ಹೆಗಲಿಗೆ ಹಾಕಿಕೊಂಡರು.

“ನೀವ್ಯಾಕ್ರಿ ಅಜ್ಜಾರ?”

“ನಾ ತರದಿದ್ರ ಏನು ಉಣ್ಲಿ?”

“ನಿಮ್ಮ ಪಾಲು ನಾ ತರ್ತೀನಲ್ರಿ!”

“ನೀ ತಂದದ್ದು ನಿಂದು ಅಂತ ನಿನ್ನೆ ಗೊತ್ತುಮಾಡಿ ಕುಂತೇವಲ್ಲೋ” ಎನ್ನುತ್ತ ಅಜ್ಜಯ್ಯ ದೋಣಿ ನಡೆಸುವ ಅಂಬಿಗರ ಗುಡಿಸಲುಗಳ ಕಡೆ ನಡೆದರು.

ಅಂದು ಇನ್ನೊಂದು ತಮಾಷೆಯಾಯಿತು. ತಂದಷ್ಟೇ ಉಣ್ಣುವುದಾದರೆ ಬಡವರ ಓಣಿಗೆ ಯಾರು ಹೋಗುತ್ತಾರೆ? ಶಿಷ್ಯರೆಲ್ಲ ಪೇಟೆ ಓಣಿಗೇ ನುಗ್ಗಿದರು. ಒಂದೇ ಬಾಗಿಲಿಗೆ ಸಾಲುಗಟ್ಟಿದ ಜೋಳಿಗೆಗಳನ್ನು ನೋಡಿ ಎಣ್ಣೆ ಅಂಗಡಿಯ ಮುದುಕಿ, “ಏನ್ರಪಾ, ಮಠಕ್ಕ ಬೆಂಕಿ ಬಿತ್ತೇನು?” ಎಂದು ಕೇಳಿದಳು. ಎಲ್ಲರೂ ಬೇಡಿ ಮುಂದೆ ಹೋದ ಮೇಲೆ ಕುಂಟುತ್ತ ಬಂದ ಗದಿಗೆಯ್ಯನಿಗೆ ಬಾಗಿಲುಗಳು ಮುಚ್ಚಿದ್ದವು. ಅವನು ತಿರುಗಿ ನೇಕಾರರ ಓಣಿಗೆ ಹೋದ. ಮಗ್ಗಗಳು ಸುಮ್ಮನಿದ್ದವು.

ಮಧ್ಯಾಹ್ನ ಅವನು ಖಾಲಿ ಜೋಳಿಗೆಯನ್ನು ಗೂಟಕ್ಕೆ ಹಾಕಿ, ನೀರು ಕುಡಿದು, ಪುಸ್ತಕ ಹಿಡಿದು ಕೂತ.

ಉಳವಯ್ಯ ಕೆಟ್ಟವನಲ್ಲ. ಅದನ್ನು ಇಲ್ಲೇ ಹೇಳಿಬಿಡಬೇಕು. ಗೆಳೆಯ ಹಸಿದು ಕೂತದ್ದು ನೋಡಿ ತನ್ನ ರೊಟ್ಟಿಗಳಲ್ಲಿ ದೊಡ್ಡದನ್ನೇ ಆರಿಸಿ, ಮೇಲೆ ಪುಂಡಿಪಲ್ಯ ಇಟ್ಟು ಒಯ್ದುಕೊಟ್ಟ.

“ತೊಗೋ.”

“ನಿನಗ?”

“ನನಗ ಬೇಕಾದಷ್ಟು ಐತಿ. ತಿನ್ನೋ ಮಾರಾಯಾ.”

ಗದಿಗೆಯ್ಯ ತಿಂದ. ಉಳವಯ್ಯನಿಗೆ ಅಂದಿನ ಊಟ ಎಂದಿಗಿಂತ ರುಚಿಸಿತು. ಕೊಟ್ಟು ಉಣ್ಣುವ ಸುಖವೇ ಬೇರೆ ಎಂದು ಅವನಿಗೆ ಮೊದಲ ಸಲ ತಿಳಿಯಿತು. ಕಂಬಳಿ ಇದ್ದಾಗ ಈ ಸುಖ ಎಲ್ಲಿತ್ತು?

ಮರುದಿನವೂ ಕೊಟ್ಟ. ಕೊಡುವಾಗ ಒಂದು ಬುದ್ಧಿಮಾತನ್ನೂ ಹೇಳಿದ.

“ನಾಳಿ ಸ್ವಲ್ಪ ಲಗೂ ಏಳು. ನಿಂದು ಭಾಳ ಆಲಸ್ಯ ಆತು.”

ಗದಿಗೆಯ್ಯ ತಲೆಯಾಡಿಸಿದ. ಮೊದಲಾಗಿದ್ದರೆ ಇಂಥ ಮಾತಿಗೆ ಮರುಮಾತು ಸಿದ್ಧವಾಗಿರುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವನು ಊಟದ ಹೊತ್ತಿಗೆ ತಾನೇ ಬಂದು ಕಂಬದ ಹತ್ತಿರ ನಿಲ್ಲತೊಡಗಿದ. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಉಳವಯ್ಯ ಮರೆತ ದಿನ ಸುಮ್ಮನೆ ಹೊರಟುಹೋಗುತ್ತಿದ್ದ.

ಒಂದು ದಿನ ಉಳವಯ್ಯ ಪೇಟೆಯಿಂದ ಬರುವಷ್ಟರಲ್ಲಿ ಅವನ ಧೋತರ ಒಗೆದು ಒಣಹಾಕಿತ್ತು.

“ಯಾರು ಒಗದ್ರು?”

“ನಾನ. ನನ್ನವು ಒಗೀತಿದ್ದೆ, ಅದರ ಕೂಡ ಒಗದೆ” ಎಂದ ಗದಿಗೆಯ್ಯ.

ಇನ್ನೊಂದು ದಿನ ಉಳವಯ್ಯ ಒಳಗೆ ಬಂದಾಗ ಗದಿಗೆಯ್ಯ ಕೂತಲ್ಲಿಂದ ಎದ್ದು ನಿಂತ. ಉಳವಯ್ಯ ಅದನ್ನು ಗಮನಿಸಿದ. ನಿಜ ಹೇಳಬೇಕೆಂದರೆ ಅವನಿಗೆ ಅದು ಹಿತವಾಗಿಯೇ ಇತ್ತು.

ಅಜ್ಜಯ್ಯ ಒಮ್ಮೆ ವಿಚಾರಿಸಿದರು.

“ಹೆಂಗ ನಡದೈತೋ ನಿನ್ನ ನ್ಯಾಯ?”

“ಚಲೋ ನಡದೈತ್ರಿ. ಯಾರೂ ಉಪವಾಸ ಇಲ್ಲ.”

“ಗದಿಗೆಯ್ಯ ನಿನ್ನ ಕೂಡ ಜಗಳಾಡಿ ಎಷ್ಟು ದಿನ ಆತು?”

“ಈಗ ಆಡೂದ ಬಿಟ್ಟಾನ್ರಿ. ಶಾಣ್ಯಾ ಆಗ್ಯಾನ.”

“ಹೂಂ” ಎಂದರು ಅಜ್ಜಯ್ಯ.

ಶ್ರಾವಣ ಹತ್ತಿರ ಬಂತು. ದಿನಾ ಸಂಜೆ ಉಳವಯ್ಯ ಹೊಳೆ ದಂಡೆಯ ಬಂಡೆಯ ಮೇಲೆ ಕೂತು ಪ್ರವಚನದ ಪದ್ಯಗಳನ್ನು ಹೇಳುತ್ತಿದ್ದ. ಗದಿಗೆಯ್ಯ ಎದುರಿಗೆ ಕೂತು ಕೇಳುತ್ತಿದ್ದ.

“ತಪ್ಪೈತೇನೋ?”

“ಇಲ್ಲ. ಚಲೋ ಐತಿ.”

“ಪೂರಾ?”

“ಪೂರಾ ಚಲೋ ಐತಿ.”

ಉಳವಯ್ಯ ಹಿಗ್ಗಿದ. ಕೊನೆಗೂ ತನಗೆ ಪದ್ಯಗಳು ಕೈವಶವಾದವು ಅಂದುಕೊಂಡ.

ಪಟ್ಟಣದ ಮಠದಲ್ಲಿ ಮಂದಿ ಕಿಕ್ಕಿರಿದಿದ್ದರು. ಗದಿಗೆಯ್ಯನೂ ಜೊತೆಗೆ ಬಂದು ಹಿಂದೆ ತಂಬೂರಿ ಹಿಡಿದು ಕೂತಿದ್ದ. ಉಳವಯ್ಯ ಕಣ್ಣು ಮುಚ್ಚಿ ಏರುದನಿಯಲ್ಲಿ ಮೊದಲ ಪದ್ಯ ಹಾಡಿದ. ಹಾಡಿ, ಅರ್ಥ ಬಿಡಿಸಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಮುದಿ ಸ್ವಾಮಿಗಳೊಬ್ಬರು ಕೈಯೆತ್ತಿದರು.

“ತಮ್ಮಾ, ಕಂಠ ಭಾಳ ಇಂಪೈತಿ. ಆದ್ರ ಮೊದಲಿಗೆ ಹಸದಾವನ ಮಾತು ಬಂತು. ಕಡೀಕ ಆನಿ ಮ್ಯಾಲಿನ ರಾಜ ಹೆಂಗ ಬಂದ?”

ಸಭೆ ಘೊಳ್ಳೆಂದು ನಕ್ಕಿತು. ಉಳವಯ್ಯ ಮೊದಲಿನಿಂದ ಹೇಳಿದ. ಮತ್ತೆ ಅದೇ ರಾಜ ಬಂದ. ಪಾಠಶಾಲೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಉಂಡು ಹೋಗಿ ಎಂದರು, ಅಷ್ಟೇ.

ವಾಪಸು ಬರುವ ಹೊಳೆ ದಾರಿಯಲ್ಲಿ ಇಬ್ಬರೂ ನಡೆದುಬರುತ್ತಿದ್ದರು. ಅವಮಾನದಿಂದ ಉಳವಯ್ಯನ ಕಣ್ಣು ಉರಿಯುತ್ತಿತ್ತು. ಅರ್ಧ ದಾರಿಗೆ ನಿಂತುಬಿಟ್ಟ.

“ನಿನಗ ಗೊತ್ತಿತ್ತು.”

ಗದಿಗೆಯ್ಯ ನೆಲ ನೋಡಿದ.

“ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು.”

“ಮೊದಲಾಗಿದ್ರ ನಡು ಓಣ್ಯಾಗ ನಿಲ್ಲಿಸಿ ಬೈತಿದ್ದಿ. ಈಗ ಯಾಕ ಬಾಯಿ ಮುಚ್ಚಿದಿ? ಹೊಟ್ಟಿಕಿಚ್ಚೇನು?”

“ದೇವರಾಣಿ ಹಂಗಲ್ರಿ.”

ಉಳವಯ್ಯ ಬೆಚ್ಚಿದ. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ಗೆಳೆಯ ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

“ಮತ್ಯಾಕ?”

“ಹೇಳಬೇಕಂತ ಬಾಯಿ ತನಕ ಬರ್ತಿತ್ರಿ. ಅಷ್ಟರಾಗ ನಾಳಿ ಊಟ ನೆನಪಾಗ್ತಿತ್ತು. ನೀವು ಸಿಟ್ಟಾಗಿಬಿಟ್ರ?”

“ಸಿಟ್ಟಾದ್ರ ರೊಟ್ಟಿ ಕೊಡೂದಿಲ್ಲಂತ ನಾ ಯಾವತ್ತರ ಅಂದೀನೇನು?”

“ಇಲ್ರಿ. ನೀವು ಹಂಗ ಅನ್ನಾವರೂ ಅಲ್ಲ. ಆದ್ರ ಕೊಡೂದು, ಬಿಡೂದು ನಿಮ್ಮ ಕೈಯಾಗ ಇತ್ತಲ್ರಿ.”

ಉಳವಯ್ಯನನ್ನು ಪಾಠಶಾಲೆ ಕೈತಪ್ಪಿದ್ದಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ಉಳಿದ ದಾರಿಯುದ್ದಕ್ಕೂ ಗದಿಗೆಯ್ಯ ಅವನ ಹಿಂದೆಯೇ ನಡೆದ. ಉಳವಯ್ಯ ನಿಂತರೆ ತಾನೂ ನಿಂತ. ಅದು ಕುಂಟುಗಾಲಿನ ಕಾರಣಕ್ಕಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಠಕ್ಕೆ ಬಂದಾಗ ಅಜ್ಜಯ್ಯ ಕಟ್ಟೆಯ ಮೇಲೆ ಕೂತು ಅಂಬಿಗರ ಮನೆಯ ರೊಟ್ಟಿಯನ್ನು ನೀರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ಉಳವಯ್ಯ ಅವರ ಕಾಲ ಹತ್ತಿರ ಕುಸಿದು ಕೂತು ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅತ್ತುಬಿಟ್ಟ.

“ನಾ ಏನು ತಪ್ಪು ಮಾಡಿದೆ ಅಜ್ಜಾರ? ಹಸದಾವಗ ಕೊಟ್ಟೆ. ಕೊಟ್ಟದ್ದನ್ನ ಒಂದಿನ ಎತ್ತಿ ಆಡಿಲ್ಲ.”

“ಆಡಿಲ್ಲ ಖರೆ. ನೀ ಚಲೋ ಹುಡುಗ.”

“ಮತ್ತ ಅವ ಯಾಕ ಹಂಗಾದ?”

“ಮೊದಲೂ ಅವ ನೀ ತಂದ ರೊಟ್ಟೀನ ತಿಂತಿದ್ದ. ಆವಾಗ ಹಿಂಗಾಗಿರಲಿಲ್ಲ.”

ಅಜ್ಜಯ್ಯ ಇನ್ನೊಂದು ತುತ್ತು ನೆನೆಸಿದರು.

ಉಳವಯ್ಯ ಕಣ್ಣೊರೆಸಿಕೊಂಡ. ಅವನಿಗೆ ಒಂದು ಉಪಾಯ ಹೊಳೆದಿತ್ತು.

“ಹಂಗಾರ ನೀವ ಅವಂಗ ತಿಳಿಸಿ ಹೇಳ್ರಿ ಅಜ್ಜಾರ. ಅವನ ಮ್ಯಾಲ ನನ್ನ ಋಣ ಏನೂ ಇಲ್ಲ. ಇನ್ನ ಮ್ಯಾಲ ನಾ ತಂದದ್ದರಾಗ ಅರ್ಧ ಅವಂದ. ಸಂತೋಷದಿಂದ ಬಿಟ್ಟುಕೊಟ್ಟಾನಂತ ಹೇಳ್ರಿ.”

“ಹೇಳೂಣು. ಪೇಟಿ ಓಣ್ಯಾಗ ಬಾಗಿಲ ಮುಂದ ನಿಂತು ಏನಂತ ಕೂಗತಿ ನೀನು?”

“‘ಮಠದ ಭಿಕ್ಷಾ ನೀಡ್ರಿ ತಾಯಿ’ ಅಂತ.”

“ಉಳವಯ್ಯನ ಭಿಕ್ಷಾ ಅಂತಲ್ಲ?”

“ಅಲ್ರಿ.”

“ಹಂಗಂತ ಕೂಗಿದ್ರ ನೀಡ್ತಿದ್ರೇನು?”

ಉಳವಯ್ಯ ಇಲ್ಲವೆಂದು ತಲೆಯಾಡಿಸಿದ.

ಅಜ್ಜಯ್ಯ ತಟ್ಟೆ ಕೆಳಗಿಟ್ಟು ಬಾಯಿ ಒರೆಸಿಕೊಂಡರು.

“ಹಂಗಾರ, ತಮ್ಮಾ, ಬಿಟ್ಟುಕೊಡಾಕ ಅದು ನಿಂದು ಯಾವಾಗ ಆತು?”